ಭೂಕಂಪಗಳ ಪಟ್ಟಿಯನ್ನು ಕ್ರಮವಾಗಿ ತರಿಸುವ ಬಗೆ

2021 ಮತ್ತು 2022ರಲ್ಲಿ ವಿಜಯಪುರ ಜಿಲ್ಲೆಯಲ್ಲಿ ನೆಲವು ಹಲವು ಸಲ ಲಘುವಾಗಿ ಕಂಪಿಸಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸುತ್ತಣ ಪ್ರದೇಶದಲ್ಲಿ ಹಿಂದೆ ಆದ ಅತಿ ದೊಡ್ಡ ಭೂಕಂಪಗಳು ಯಾವುವು? ಈ ಪ್ರಶ್ನೆಗೆ ಉತ್ತರವನ್ನು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಭೂಕಂಪಸೂಚಿಯಿಂದ ಯಾರು ಬೇಕಾದರೂ ಪಡೆಯಬಹುದು. ಆದರೆ ಕೇಳುವ ರೀತಿ ತಿಳಿದಿರಬೇಕು.

ಒಂದು ಗಣಕವು ಮತ್ತೊಂದರಿಂದ ಮಾಹಿತಿಯನ್ನು ಕೇಳಿ ಪಡೆಯಲು ಗೊತ್ತುಮಾಡಿದ ದ್ವಾರಕ್ಕೆ ಎಪಿಐ ಎಂದು ಹೆಸರು. ದ್ವಾರದ ವಿಳಾಸವು ಮುಗಿದೆಡೆ ಒಂದು ಪ್ರಶ್ನಚಿಹ್ನೆಯನ್ನಿಟ್ಟು, ಅದರ ಮುಂದೆ ನಮ್ಮ ನಿಬಂಧನೆಗಳನ್ನು ಬರೆಯಬೇಕು. ಇವೇ ಕ್ವೆರಿ ಪ್ಯಾರಾಮೀಟರುಗಳು. ಒಂದೊಂದರಲ್ಲಿಯೂ ಹೆಸರು, ಸಮಚಿಹ್ನೆ, ಬೆಲೆ ಎಂಬ ಮೂರು ಭಾಗಗಳಿರುತ್ತವೆ.

ಇಂಡಿಯನ್ನು ಕೇಂದ್ರವಾಗಿಟ್ಟುಕೊಳ್ಳೋಣ: ಅಕ್ಷಾಂಶ 17.2, ರೇಖಾಂಶ 76.0, ತ್ರಿಜ್ಯ 300 ಕಿಲೋಮೀಟರು. ನಾಲ್ಕು ಊರುಗಳೂ ಈ ವೃತ್ತದೊಳಗೆ ಬರುತ್ತವೆ. ಪ್ರಾರಂಭದ ದಿನ 1960ರ ಜನವರಿ 1 ಇರಲಿ. ಇದನ್ನು ಬರೆಯದಿದ್ದರೆ ಕಳೆದ 30 ದಿನಗಳ ಕಂಪನಗಳು ಮಾತ್ರ ದೊರೆಯುವುವು. ಉತ್ತರದ ಮಿತಿಯನ್ನು ಸೂಚಿಸುವ 'ಲಿಮಿಟ್' 5 ಆಗಿರಲಿ.

ಇನ್ನು ಕ್ರಮವನ್ನು ನಿರ್ಧರಿಸುವ ಪ್ಯಾರಾಮೀಟರು 'ಆರ್ಡರ್‌ಬೈ'. ಇದರ ಬೆಲೆ 'ಟೈಮ್' ಆದರೆ ಇತ್ತೀಚಿನದು ಮೊದಲು. 'ಮ್ಯಾಗ್ನಿಟ್ಯೂಡ್' ಆದರೆ ದೊಡ್ಡದು ಮೊದಲು. ಎರಡಕ್ಕೂ ವಿಲೋಮ ಕ್ರಮಗಳುಂಟು. ನಾವು ಏನನ್ನೂ ಹೇಳದಿದ್ದರೆ ಗಣಕವು 'ಟೈಮ್' ಎಂದೇ ಭಾವಿಸುತ್ತದೆ.

ಇಲ್ಲಿಯೇ ಎಚ್ಚರಿಕೆ ಬೇಕು. ಗಣಕವು ಮೊದಲು ವೃತ್ತದೊಳಗಿನ ಕಂಪನಗಳನ್ನು ಆರಿಸುತ್ತದೆ, ಅನಂತರ ಅವುಗಳನ್ನು ಕ್ರಮದಲ್ಲಿ ಜೋಡಿಸುತ್ತದೆ, ಕಡೆಗೆ ಮೇಲಿನ ಐದನ್ನು ಮಾತ್ರ ಕಳುಹಿಸುತ್ತದೆ. ಕ್ರಮವನ್ನು ಹೇಳದೆ ಐದನ್ನು ತರಿಸಿ, ಬಳಿಕ ನಾವೇ ಪ್ರಮಾಣಾನುಸಾರ ಜೋಡಿಸಿಕೊಂಡರೆ ಏನಾಗುವುದು? ಇತ್ತೀಚಿನ ಐದು ಕಂಪನಗಳಲ್ಲಿ ದೊಡ್ಡದು ಯಾವುದೆಂದು ತಿಳಿಯುವುದೇ ಹೊರತು, ಇಂಡಿಯಿಂದ ಈಶಾನ್ಯಕ್ಕೆ ಸುಮಾರು 120 ಕಿಲೋಮೀಟರು ದೂರದಲ್ಲಿ 1993ರಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡ 6.2 ಪ್ರಮಾಣದ ಕಿಲ್ಲಾರಿ ಭೂಕಂಪವು ಕಾಣಿಸುವುದೇ ಇಲ್ಲ. 'ಮ್ಯಾಗ್ನಿಟ್ಯೂಡ್' ಎಂದು ಮೊದಲೇ ಕೇಳಿದರೆ ಅದೂ 1967ರ ಕೊಯ್ನಾ ಭೂಕಂಪವೂ ಪಟ್ಟಿಯ ಮೇಲ್ಭಾಗಕ್ಕೆ ಬರುತ್ತವೆ. ಈ ಪ್ರದೇಶವು ಅಪಾಯರಹಿತವೆಂಬ ತಪ್ಪು ತೀರ್ಮಾನಕ್ಕೆ ಒಂದು ಪದದ ಲೋಪವೇ ಸಾಕು.

ಮತ್ತೊಂದು ಮಾತು. ಕಿಲ್ಲಾರಿಯಲ್ಲಿ ನೆಲ ನಡುಗಿದ್ದು ಸೆಪ್ಟೆಂಬರ್ 30ರ ಬೆಳಗಿನ ಜಾವ. ಸೂಚಿಯಲ್ಲಿ ಮಾತ್ರ ಅದು 29ರ ರಾತ್ರಿಯ ಘಟನೆ. ಏಕೆಂದರೆ ಅಲ್ಲಿರುವುದು ನಮ್ಮ ಕಾಲಮಾನಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಕಾಲಮಾನ.

ಪ್ರಮಾಣದ ಕ್ರಮವೇ ಹಾನಿಯ ಕ್ರಮವೆಂದು ಭಾವಿಸಕೂಡದು. ಕೊಯ್ನಾ ಕಂಪನವು ಪ್ರಮಾಣದಲ್ಲಿ ಕಿಲ್ಲಾರಿಯದಕ್ಕಿಂತ ಕಡಮೆಯದಲ್ಲ; ಆದರೂ ಸತ್ತವರು ಕಿಲ್ಲಾರಿಯಲ್ಲಿ ಬಹಳ ಹೆಚ್ಚು. ದಪ್ಪ ಕಲ್ಲುಗೋಡೆಯ ಮನೆಗಳು, ಮಲಗಿ ನಿದ್ರಿಸುತ್ತಿದ್ದ ಜನ, ಇವು ಯಾವ ಪ್ಯಾರಾಮೀಟರಿನಲ್ಲಿಯೂ ಇಲ್ಲ. ಗಣಕವು ನಾವು ಹೇಳಿದ ಕ್ರಮದಲ್ಲಿ ಪಟ್ಟಿಯನ್ನು ಕೊಡುತ್ತದೆ; ಯಾವ ಕ್ರಮ ಬೇಕೆಂಬುದನ್ನು ನಿಶ್ಚಯಿಸುವ ಹೊಣೆ ಕೇಳುವವನದು.