ಕೊಟ್ಟರೆ ಕೆಡುತ್ತಾರೆಯೇ?

ಪ್ರಶ್ನೆ: ನಮ್ಮ ಸಭೆಯ ವಿಧವೆಯೊಬ್ಬರು ಪ್ರತಿ ತಿಂಗಳೂ ಬಂದು ಹಣ ಕೇಳುತ್ತಾರೆ. ಬಹಳ ಕಾಲದಿಂದ ಕೊಡುತ್ತಿದ್ದೇನೆ. ಅವರ ಸ್ಥಿತಿ ಬದಲಾಗಿಲ್ಲ. ನಾನೇ ಅವರನ್ನು ಪರಾವಲಂಬಿ ಮಾಡುತ್ತಿದ್ದೇನೆಯೇ? ನಿಲ್ಲಿಸಿದರೆ ಪಾಪವೇ?
– ಓದುಗರು, ಉಡುಪಿ

ಉತ್ತರ: ಕೊಟ್ಟದ್ದೇ ಕೆಡುಕಾಯಿತೇನೋ ಎಂಬ ಅಳುಕು, ನಿಲ್ಲಿಸಿದರೆ ದೇವರಿಗೆ ತಪ್ಪಿ ನಡೆದೆನೇನೋ ಎಂಬ ಭಯ, ಎರಡೂ ನಿಮ್ಮನ್ನು ಕಾಡುತ್ತಿವೆ. ಅವರ ಬಗ್ಗೆ ಮನಸ್ಸಿಗೆ ಹಚ್ಚಿಕೊಂಡವರಿಗೇ ಹೀಗಾಗುವುದು. ನೀವು ಕೊಟ್ಟದ್ದು ವ್ಯರ್ಥವಾಗಿಲ್ಲ. ಈ ತಿಂಗಳೂ ಕೊಡಿ.

ಆದರೆ ಬಾಗಿಲಲ್ಲೇ ಕೊಟ್ಟು ಕಳಿಸಬೇಡಿ. ಕೂರಿಸಿ ಮಾತಾಡಿಸಿ. ತಿಂಗಳು ತಿಂಗಳೂ ಕೈ ಬರಿದಾಗುವುದಕ್ಕೆ ಕಾರಣವಿರುತ್ತದೆ. ಸಂಘದ ಸಾಲದ ವಾರದ ಕಂತಿರಬಹುದು, ಅಡವಿಟ್ಟ ಒಡವೆಯ ಬಡ್ಡಿಯಿರಬಹುದು, ಹಾಸಿಗೆ ಹಿಡಿದವರನ್ನು ಬಿಟ್ಟು ಕೆಲಸಕ್ಕೆ ಹೋಗಲಾಗದಿರಬಹುದು. ವಿಧವಾ ವೇತನ (ಸರ್ಕಾರ ಕೊಡುವ ಮಾಸಿಕ ಪಿಂಚಣಿ) ಬರುತ್ತಿದೆಯೇ ಎಂದು ಕೇಳಿ. ಇಲ್ಲವಾದರೆ ನಾಡಕಚೇರಿಗೆ ಅವರ ಜೊತೆ ನೀವೂ ಹೋಗಿ. ಒಂಟಿಯಾಗಿ ನಿಂತ ಬಡವಿಗೆ ‘ನಾಳೆ ಬಾ’ ಎನ್ನುವವರು, ಪಕ್ಕದಲ್ಲಿ ಇನ್ನೊಬ್ಬರಿದ್ದರೆ ಅರ್ಜಿ ತೆಗೆದು ನೋಡುತ್ತಾರೆ. ಹೀಗಿರಬಾರದು, ಆದರೆ ಇದೆ.

ಪರಾವಲಂಬನೆಯ ಚಿಂತೆ ನಮ್ಮ ಕರಾವಳಿಗೆ ಹಳೆಯದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ಗೂ ಅದು ಎದುರಾಯಿತು. ಕ್ರೈಸ್ತರಾದ ಅನೇಕರು ಜಾತಿಯ ಜೊತೆಗೆ ಕಸುಬನ್ನೂ ಕಳೆದುಕೊಂಡಿದ್ದರು. ಅವರಿಗೆ ದುಡಿಮೆ ಬೇಕಿತ್ತು. ನೇಯ್ಗೆ ಬಂತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಬಂತು, ನೂರಾರು ಮನೆಗಳಿಗೆ ಕೂಲಿ ಸಿಕ್ಕಿತು. ಒಂದು ತೊಡಕೂ ಇತ್ತು: ಕೂಲಿ ಕೊಡುವವರೂ ಸಭೆ ನಡೆಸುವವರೂ ಒಬ್ಬರೇ ಆದಾಗ ಬಡವರಿಗೆ ‘ಒಲ್ಲೆ’ ಎನ್ನುವುದು ಕಷ್ಟ. ಹಾಗಾಗಿ ನಿಮ್ಮ ಮನೆಯಲ್ಲೇ ಕೆಲಸ ಕೊಡುವುದಾದರೆ ಊರಿನಲ್ಲಿ ನಡೆಯುವ ಕೂಲಿಯನ್ನೇ ಕೊಡಿ. ಹಳೆಯ ಸಹಾಯದ ಲೆಕ್ಕದಲ್ಲಿ ಮುರಿದುಕೊಳ್ಳಬೇಡಿ.

ಅವರಿಗೆ ದುಡಿಯುವ ಶಕ್ತಿಯೇ ಇಲ್ಲವೆಂದು ತಿಳಿದರೆ, ಕೊಡುತ್ತಲೇ ಇರುವುದು ಸರಿ. ಒಬ್ಬರಿಗೇ ಭಾರವಾದರೆ ಸಭಾಪಾಲಕರಿಗೆ ಹೇಳಿ, ಎರಡು ಮೂರು ಮನೆಯವರು ಹಂಚಿಕೊಳ್ಳಿ.

ಪ್ರಶ್ನೆ: ಕ್ರಿಸ್ಮಸ್‌ಗೆ ನಮ್ಮ ಯುವಕರು ಪಕ್ಕದ ಕೇರಿಯಲ್ಲಿ ದಿನಸಿ ಹಂಚಬೇಕೆಂದಿದ್ದಾರೆ. ಮತಾಂತರಕ್ಕೆ ಆಮಿಷ ಎಂದಾರು ಎಂಬ ಹೆದರಿಕೆ ನನಗೆ.
– ಓದುಗರು, ಹಾಸನ

ಉತ್ತರ: ನಿಮ್ಮ ಹೆದರಿಕೆಗೆ ಕಾರಣವಿದೆ. ಹಾಗೆಂದು ಕೈಬಿಡಬೇಕಿಲ್ಲ. ಚೀಲದಲ್ಲಿ ಕರಪತ್ರ ಬೇಡ, ಕೊಡುವಾಗ ಪ್ರಾರ್ಥನೆ ಬೇಡ, ಫೋಟೊ ಬೇಡವೇ ಬೇಡ. ಧರ್ಮೋಪದೇಶಕಾಂಡದ 24ನೇ ಅಧ್ಯಾಯದಲ್ಲಿ, ಸಾಲ ಕೊಟ್ಟವನು ಅಡವು ಪಡೆಯಲು ಸಾಲಗಾರನ ಮನೆಯೊಳಗೆ ಹೋಗದೆ ಹೊರಗೇ ನಿಲ್ಲಬೇಕೆಂಬ ವಿಧಿಯಿದೆ. ಸಾಲ ಕೊಟ್ಟವನಿಗೇ ಬಡವನ ಹೊಸ್ತಿಲು ದಾಟುವ ಹಕ್ಕಿಲ್ಲ ಎಂದ ಮೇಲೆ ನಮ್ಮ ಕ್ಯಾಮೆರಾಕ್ಕೆ ಎಲ್ಲಿಂದ ಬರಬೇಕು?

ಯಾರಿಗೆ ಬೇಕೆಂಬುದನ್ನು ಆ ಕೇರಿಯ ಆಶಾ ಕಾರ್ಯಕರ್ತೆಯನ್ನು (ಮನೆಮನೆಗೆ ಬರುವ ಆರೋಗ್ಯ ಸಹಾಯಕಿ) ಕೇಳಿ. ಹಬ್ಬದ ದಿನವೇ ಆಗಬೇಕೆಂದೂ ಇಲ್ಲ. ಮಳೆ ಹಿಡಿದು ದಿನಗೂಲಿ ನಿಂತಾಗ ಅಕ್ಕಿ ಹೆಚ್ಚು ಬೇಕಾಗುತ್ತದೆ. ಅರ್ಧ ಹಣವನ್ನು ಜುಲೈಗೆ ಎತ್ತಿಡಲು ಯುವಕರಿಗೆ ಹೇಳಿ ನೋಡಿ.