ತಿಂದ ಮೇಲಷ್ಟೇ ಆಡುವ ಮಾತು

ಇಂಗ್ಲಿಷಿನ ‘ಥಿಂಕ್’ ಪದಕ್ಕೆ ಸ್ವೀಡಿಷ್ ನಿಘಂಟು ಮೂರು ಕ್ರಿಯಾಪದಗಳನ್ನು ಕೊಡುತ್ತದೆ: ತ್ಯುಕ್ಕ, ತ್ರೂ, ತೆಂಕ. ವಲಸೆ ಬಂದವರಿಗೆಂದು ಇಲ್ಲಿ ಸ್ವೀಡನ್ನಿನಲ್ಲಿ ಸರ್ಕಾರವೇ ನಡೆಸುವ ‘ಎಸ್‌ಎಫ್‌ಐ’ ತರಗತಿಯಲ್ಲಿ ಈ ಮೂರರ ವ್ಯತ್ಯಾಸವನ್ನು ನಮಗೆ ಇಂಗ್ಲಿಷಿನಲ್ಲೇ ಬಿಡಿಸಿ ಹೇಳುತ್ತಿದ್ದರು. ಮೂರಕ್ಕೂ ಒಂದೇ ಪದ ಇಟ್ಟುಕೊಂಡ ಭಾಷೆ ಅದನ್ನು ಹೇಗೆ ವಿವರಿಸೀತು? ನನಗೆ ದಾರಿ ತೋರಿಸಿದ್ದು ಮೇಲುಕೋಟೆಯ ನಮ್ಮ ಮನೆಯ ಮಾತು.

ಪುಳಿಯೋಗರೆಯನ್ನೇ ತೆಗೆದುಕೊಳ್ಳಿ. ಒಂದು ತುತ್ತು ಬಾಯಿಗಿಟ್ಟು ‘ಚೆನ್ನಾಗಿದೆ ಅನ್ನಿಸ್ತು’ ಎಂದರೆ ಅದು ತ್ಯುಕ್ಕ. ಇನ್ನೂ ತಿಂದಿಲ್ಲ, ಗೊಜ್ಜು ಕುದಿಯುವ ಘಮ ಮಾತ್ರ ಬೀದಿಯವರೆಗೂ ಬಂದಿದೆ, ‘ಚೆನ್ನಾಗಿರಬೇಕು’ ಎಂದರೆ ಅದು ತ್ರೂ. ತಿನ್ನದೆ ರುಚಿಯ ಬಗ್ಗೆ ತ್ಯುಕ್ಕ ಎನ್ನುವ ಹಾಗಿಲ್ಲ. ನೋಡದ ಸಿನಿಮಾಕ್ಕೂ ಅದೇ ಕಟ್ಟು. ಇನ್ನು ಅಮ್ಮ ಫೋನಿನಲ್ಲಿ ‘ಈ ಸಲ ವೈರಮುಡಿಗೆ ಬರ್ತೀಯೇನೋ?’ ಎಂದಾಗ ನಾನು ‘ಬರೋಣ ಅಂತಿದೀನಮ್ಮ’ ಎನ್ನುತ್ತೇನಲ್ಲ, ಆ ‘ಅಂತಿದೀನಿ’ಯೇ ತೆಂಕ. ಕೂತು ಯೋಚನೆ ಮಾಡುವುದಕ್ಕೂ ಅದೇ ಪದ.

ಇದು ನಮ್ಮೂರಿನವರಿಗೆ ಹೊಸ ವಿಚಾರವೂ ಅಲ್ಲ. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರು ಒಪ್ಪಿದ ಪ್ರಮಾಣಗಳು, ಎಂದರೆ ಅರಿವಿನ ದಾರಿಗಳು, ಮೂರು: ಪ್ರತ್ಯಕ್ಷ, ಅನುಮಾನ, ಶಬ್ದ. ತ್ಯುಕ್ಕ ಪ್ರತ್ಯಕ್ಷದ ಮೇಲೆ ನಿಂತ ಮಾತು, ತ್ರೂ ಊಹೆಯದು. ಬಲ್ಲವರಿಂದ ಕೇಳಿದ್ದಕ್ಕೆ? ಸ್ವೀಡಿಷ್‌ನಲ್ಲಿ ಅದಕ್ಕೂ ‘ಲ್ಯಾರ್’ ಎಂಬ ಪುಟ್ಟ ಕ್ರಿಯಾಪದವಿದೆ. ಕನ್ನಡದಲ್ಲಿ ‘ಚೆನ್ನಾಗಿದೆಯಂತೆ’ ಎನ್ನುವಾಗಿನ ‘ಅಂತೆ’ ಅದು. ಇದು ಹೊಳೆದ ಸಂಜೆ ನನಗಾದ ಸಂತೋಷ ಸಣ್ಣದಲ್ಲ. ವೇದಾಂತದ ಶಬ್ದಪ್ರಮಾಣವನ್ನು ಅಡುಗೆಮನೆಯ ‘ಅಂತೆ’ಗೆ ಇಳಿಸಬಾರದು ಎಂದು ಪಂಡಿತರು ಆಕ್ಷೇಪಿಸಬಹುದು, ನ್ಯಾಯವೇ. ಆದರೆ ಹೇಳುವವನು ಕಂಡು ಹೇಳುತ್ತಿದ್ದಾನೋ, ಊಹಿಸಿಯೋ, ಕೇಳಿಯೋ ಎಂಬ ಎಚ್ಚರ ಮೂರು ಕಡೆಯೂ ಒಂದೇ.

ಒಂದು ಕಡೆ ಮಾತ್ರ ಕನ್ನಡವೂ ಕೈಕೊಡುತ್ತದೆ. ‘ಮಳೆ ಬರುತ್ತೆ ಅನ್ಸುತ್ತೆ’ ಎಂಬಲ್ಲಿನ ‘ಅನ್ಸುತ್ತೆ’ ಊಹೆ, ಹಾಗಾಗಿ ತ್ರೂ. ‘ಈ ಬಣ್ಣ ನಿನಗೆ ಒಪ್ಪುತ್ತೆ ಅನ್ಸುತ್ತೆ’ ಎಂದರೆ, ಸೀರೆ ಮೈಮೇಲಿದ್ದರೆ ತ್ಯುಕ್ಕ, ಅಂಗಡಿಯ ಕಪಾಟಿನಲ್ಲಿದ್ದರೆ ತ್ರೂ. ಹಾಗಾಗಿ ‘ಅನ್ಸುತ್ತೆ’ ಬಂದಲ್ಲೆಲ್ಲ ಅದರ ಜಾಗದಲ್ಲಿ ‘ಇರಬೇಕು’ ಹಾಕಿ ನೋಡುವುದನ್ನು ರೂಢಿಸಿಕೊಂಡೆ. ಅರ್ಥ ಕೆಡದಿದ್ದರೆ ತ್ರೂ.

ನೆಂಟರ ಹೆಸರುಗಳಲ್ಲಂತೂ ಇಂಗ್ಲಿಷಿನ ನೆರವು ಬೇಡವೇ ಬೇಡ. ‘ಅಂಕಲ್’ ಎಂದರೆ ಸ್ವೀಡನ್ನಿನವರಿಗೂ ಅರೆಬರೆ ಉತ್ತರ. ಸೋದರಮಾವ ಇಲ್ಲಿ ಮುರ್‌ಬ್ರೂರ್, ಚಿಕ್ಕಪ್ಪ ದೊಡ್ಡಪ್ಪಂದಿರು ಫಾರ್‌ಬ್ರೂರ್.

ಇಷ್ಟೆಲ್ಲ ಬರೆಯಲು ಕಾರಣವಿದೆ. ಮಕ್ಕಳಿಗೆ ಸ್ವೀಡಿಷ್ ಸುಲಭವಾಗಲೆಂದು ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷ್ ಹಿಡಿಯುವ ತಂದೆತಾಯಿಯರನ್ನು ಇಲ್ಲಿ ಕಾಣುತ್ತಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಈ ದೇಶದ ಕಾನೂನೇ ಮನೆಮಾತಿನ ಪಾಠಕ್ಕೆ ಅವಕಾಶ ಕೊಟ್ಟಿದೆ: ಒಂದು ಊರಾಡಳಿತದ ವ್ಯಾಪ್ತಿಯಲ್ಲಿ ಒಂದೇ ಭಾಷೆಗೆ 5 ಮಕ್ಕಳು ಅರ್ಜಿ ಹಾಕಿ, ಕಲಿಸಬಲ್ಲ ಶಿಕ್ಷಕರೂ ಸಿಕ್ಕರೆ ಪಾಠ ಏರ್ಪಡಿಸಬೇಕು. ನೆರೆಹೊರೆಯ ಕನ್ನಡದ ಮನೆಗಳವರು ಮಾತಾಡಿಕೊಂಡು ಒಟ್ಟಿಗೆ ಅರ್ಜಿ ಹಾಕಿ.