ಗಿರಣಿ, ಹೊಟೇಲು, ನಾಕಾ: ಥಾಣೆ ಸೀಮೆಯ ಕನ್ನಡಿಗರ ಏಳಿಗೆ ಮತ್ತು ಅಸಮಾನತೆ

ಮುಂಬಯಿ ಕನ್ನಡಿಗರನ್ನು ಕುರಿತು ಇದುವರೆಗೆ ಬಂದಿರುವ ಬರಹಗಳಲ್ಲಿ ಒಂದೇ ಕಥನ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಕರಾವಳಿಯ ಬಡ ಮನೆತನದ ಹುಡುಗನೊಬ್ಬ ಹಡಗಿನಲ್ಲಿಯೋ ಬಸ್ಸಿನಲ್ಲಿಯೋ ಈ ನಗರಕ್ಕೆ ಬರುತ್ತಾನೆ, ಹಗಲು ಹೊಟೇಲಿನಲ್ಲಿ ಲೋಟ ತೊಳೆದು ರಾತ್ರಿಶಾಲೆಯಲ್ಲಿ ಓದುತ್ತಾನೆ, ಗುಮಾಸ್ತನಾಗುತ್ತಾನೆ, ಕೊನೆಗೆ ಹೊಟೇಲೊಂದರ ಒಡೆಯನೋ ಬ್ಯಾಂಕಿನ ಅಧಿಕಾರಿಯೋ ಆಗಿ ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ ದೇಣಿಗೆ ಕಳಿಸುತ್ತಾನೆ. ಈ ಕಥನ ಸುಳ್ಳಲ್ಲ. ಇದರ ಜೀವಂತ ಸಾಕ್ಷಿಗಳು ನಮ್ಮ ಸಂಘಸಂಸ್ಥೆಗಳ ವೇದಿಕೆಗಳಲ್ಲಿ ಇಂದಿಗೂ ಕುಳಿತಿದ್ದಾರೆ. ಆದರೆ ಇದು ಯಾವ ಕಾಲದಲ್ಲಿ, ಯಾವ ಅನುಕೂಲಗಳಿಂದ ಸಾಧ್ಯವಾಯಿತು, ಯಾರಿಗೆ ಸಾಧ್ಯವಾಗಲಿಲ್ಲ ಎಂಬ ಪ್ರಶ್ನೆಗಳನ್ನು ನಾವು ಕೇಳಿಕೊಂಡಿರುವುದು ಕಡಿಮೆ. ಥಾಣೆ, ಡೊಂಬಿವಲಿ, ಕಲ್ಯಾಣ್ ಮತ್ತು ನವಿಮುಂಬಯಿಯ ಕನ್ನಡ ಸಮಾಜವನ್ನು ಎದುರಿಗಿಟ್ಟುಕೊಂಡು ಆ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬೋರಿಬಂದರಿನಿಂದ ಥಾಣೆಗೆ ದೇಶದ ಮೊದಲ ಪ್ರಯಾಣಿಕ ರೈಲು ಓಡಿದ್ದು 1853ರ ಏಪ್ರಿಲ್ 16ರಂದು. ಮರುವರ್ಷವೇ ಹಳಿ ಕಲ್ಯಾಣವನ್ನು ಮುಟ್ಟಿತು. ಅದೇ 1854ರಲ್ಲಿ ಕಾವಸ್‌ಜಿ ದಾವರ್ ಮುಂಬಯಿಯ ಮೊದಲ ಹತ್ತಿಗಿರಣಿಗೆ ಅಡಿಪಾಯ ಹಾಕಿದರು. ರೈಲು ಮತ್ತು ಗಿರಣಿ ಜೊತೆಯಾಗಿ ಕಟ್ಟಿದ ನಗರಕ್ಕೆ ದಕ್ಷಿಣ ಕನ್ನಡ, ಉತ್ತರ ಕನ್ನಡಗಳ ಜನ ಬಂದರು. ಬಂದವರು ಮೊದಲು ಕಟ್ಟಿಕೊಂಡದ್ದು ತಮ್ಮ ತಮ್ಮ ಜಾತಿಸಂಘಗಳನ್ನು ಎಂಬುದು ಗಮನಾರ್ಹ. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, 1927ರ ಬಂಟರ ಸಂಘ, 1932ರ ಬಿಲ್ಲವರ ಅಸೋಸಿಯೇಶನ್ ಇವು ಬರಿಯ ಸಮಾರಂಭದ ಸಂಸ್ಥೆಗಳಾಗಿರಲಿಲ್ಲ. ಇಂತಹ ಸಂಘಗಳು ರಾತ್ರಿಶಾಲೆ ನಡೆಸಿದವು, ವಿದ್ಯಾರ್ಥಿವೇತನ ಕೊಟ್ಟವು. ಮುಂದೆ 1978ರಲ್ಲಿ ಬಿಲ್ಲವ ಸಮಾಜದ ಮುಂದಾಳತ್ವದಲ್ಲಿ ಭಾರತ್ ಸಹಕಾರಿ ಬ್ಯಾಂಕು ಹುಟ್ಟಿತು. ಜಾತಿಯ ಹೆಸರಿನ ಸಂಘಟನೆಯೆಂದು ಇವುಗಳನ್ನು ಕಡೆಗಣಿಸುವ ವಿದ್ವಾಂಸರು, ಬೇರೆ ಯಾರೂ ಸಾಲ ಕೊಡದಿದ್ದ ಕಾಲದಲ್ಲಿ ಇವು ಮಾಡಿದ ಕೆಲಸವನ್ನು ಮರೆಯಬಾರದು.

ಈ ಏಳಿಗೆಗೆ ವ್ಯಕ್ತಿಯ ಪರಿಶ್ರಮ ಒಂದು ಕಾರಣ. ಅಷ್ಟೇ ಮುಖ್ಯವಾದ ಬೇರೆ ಕಾರಣಗಳಿದ್ದವು. ಗಿರಣಿಯ ಕೆಲಸಕ್ಕೆ ತಿಂಗಳ ಸಂಬಳವಿತ್ತು, ಭವಿಷ್ಯನಿಧಿಯಿತ್ತು, ಯೂನಿಯನ್ ಇತ್ತು. 1947ರ ಬಾಡಿಗೆ ಕಾಯಿದೆಯಿಂದಾಗಿ ಚಾಳಿನ ಖೋಲಿಯ ಬಾಡಿಗೆ ಏರದೆ ನಿಂತಿತ್ತು. ಊರಿನ ಕಡೆಯಲ್ಲಿ 1974ರ ಭೂಸುಧಾರಣೆಯ ತಿದ್ದುಪಡಿ ಗೇಣಿದಾರರಿಗೆ ನೆಲದ ಹಕ್ಕು ಕೊಟ್ಟಿತು. ಭೂಮಿ ಕಳೆದುಕೊಂಡ ಮನೆತನಗಳ ಮಕ್ಕಳು ಅಷ್ಟರಲ್ಲಾಗಲೇ ಓದು ಕಲಿತಿದ್ದರು. ಹೀಗೆ ಬರುವವನ ಬೆನ್ನ ಹಿಂದೆ ಒಂದಿಷ್ಟು ನೆಲವೋ ಅಕ್ಷರವೋ ಇದ್ದೇ ಇತ್ತು. ಏಣಿ ಹತ್ತಿದವನ ಕಾಲಿನ ಬಲವನ್ನು ಹೊಗಳುವಾಗ ಏಣಿಯನ್ನೂ ನೋಡಬೇಕಾಗುತ್ತದೆ.

ಆರ್ಥಿಕ ಬೆಳವಣಿಗೆ ಆರಂಭದಲ್ಲಿ ಅಸಮಾನತೆಯನ್ನು ಹೆಚ್ಚಿಸಿದರೂ ಮುಂದೆ ತಾನಾಗಿ ತಗ್ಗಿಸುತ್ತದೆ ಎಂಬ ಊಹೆಯನ್ನು ಅಮೆರಿಕದ ಸೈಮನ್ ಕುಜ್ನೆಟ್ಸ್ 1955ರಲ್ಲಿ ಮುಂದಿಟ್ಟರು. ಎರಡನೆಯ ಮಹಾಯುದ್ಧದ ನಂತರದ ಅಮೆರಿಕ ಆ ಊಹೆಗೆ ಒಪ್ಪುವಂತೆಯೇ ಕಾಣುತ್ತಿತ್ತು. 1944ರ ಕಾಯಿದೆಯೊಂದು ಯುದ್ಧದಿಂದ ಮರಳಿದ ಸೈನಿಕರಿಗೆ ಕಾಲೇಜಿನ ಬಾಗಿಲು ತೆರೆದಿತ್ತು. ಕಾರ್ಖಾನೆಯ ಉತ್ಪಾದನೆ ಮತ್ತು ಕೆಲಸಗಾರನ ಕೂಲಿ ಜೊತೆಜೊತೆಯಾಗಿ ಏರುತ್ತಿದ್ದವು. ಆ ಅನುಕೂಲ ಕರಿಯರಿಗೆ ಸಮನಾಗಿ ಸಿಗಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. 1970ರ ದಶಕದಿಂದೀಚೆಗೆ ಉತ್ಪಾದನೆ ಏರುತ್ತಲೇ ಹೋಯಿತು, ಸಾಮಾನ್ಯನ ಕೂಲಿ ಹಿಂದುಳಿಯಿತು. ಮೋಟಾರು ನಗರವಾದ ಡೆಟ್ರಾಯಿಟ್‌ನಲ್ಲಿ 1950ರಲ್ಲಿ ಹದಿನೆಂಟು ಲಕ್ಷಕ್ಕೂ ಹೆಚ್ಚು ಜನರಿದ್ದರು. 2020ರ ಗಣತಿಯಲ್ಲಿ ಉಳಿದವರು ಆರೂವರೆ ಲಕ್ಷಕ್ಕಿಂತ ಕಡಿಮೆ. ಕುಜ್ನೆಟ್ಸ್ ಅವರ ಊಹೆಯನ್ನು ಫ್ರಾನ್ಸಿನ ತೋಮಾ ಪಿಕೆಟಿ 2013ರ ತಮ್ಮ ಗ್ರಂಥದಲ್ಲಿ ಪ್ರಶ್ನಿಸಿದ್ದಾರೆ. ನಮ್ಮ ಅಧ್ಯಯನಕ್ಕೆ ಇದರಿಂದ ದೊರೆಯುವ ಹೊಳಹು ಇಷ್ಟು: ಬೆಳವಣಿಗೆ ತಾನಾಗಿ ಹಂಚಿಕೆಯಾಗುವುದಿಲ್ಲ, ಅದನ್ನು ಹಂಚುವ ವ್ಯವಸ್ಥೆಗಳು ಕುಸಿದಾಗ ಬೆಳವಣಿಗೆಯ ನಡುವೆಯೇ ಸಮಾಜ ಒಡೆಯುತ್ತದೆ.

ಮುಂಬಯಿಯಲ್ಲಿ ಆ ಕುಸಿತಕ್ಕೆ ತಾರೀಖು ಹೇಳಬಹುದು. ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು 1982ರ ಜನವರಿ 18ರಂದು ಮುಷ್ಕರ ಹೂಡಿದರು. ಆ ಮುಷ್ಕರ ಔಪಚಾರಿಕವಾಗಿ ಮುಗಿಯಲೇ ಇಲ್ಲ. ನನ್ನ ತಂದೆಯವರು ಪರೇಲಿನ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಎರಡು ವರ್ಷ ಕಾದು, ಖೋಲಿಯ ಪಗಡಿಯ ಹಣ ತೆಗೆದುಕೊಂಡು ಡೊಂಬಿವಲಿಗೆ ಬಂದರು. ಆಗ ಅಲ್ಲಿ ಆ ಹಣಕ್ಕೆ ಒಂದು ಸಣ್ಣ ಮನೆ ಸಿಗುತ್ತಿತ್ತು. ನಮ್ಮಂತೆ ಬಂದ ಮನೆಗಳು ನೂರಾರು. ಡೊಂಬಿವಲಿಯ ಮಧ್ಯಮವರ್ಗದ ಕನ್ನಡ ಬದುಕು, ಅಲ್ಲಿನ ಕರ್ನಾಟಕ ಸಂಘ, ಅದರ ಮಂಜುನಾಥ ವಿದ್ಯಾಲಯ, ಯಕ್ಷಗಾನ, ಭಜನಾಮಂಡಳಿಗಳು ಇಂತಹ ಮನೆಗಳಿಂದ ಬಲಗೊಂಡವು. ಡೆಟ್ರಾಯಿಟ್ ಖಾಲಿಯಾಯಿತು, ಮುಂಬಯಿ ಖಾಲಿಯಾಗಲಿಲ್ಲ. ಗಿರಣಿಯ ನೆಲದ ಮೇಲೆ ಮಾಲುಗಳೂ ಗೋಪುರದಂತಹ ಕಟ್ಟಡಗಳೂ ಎದ್ದವು, ಜನ ಮಾತ್ರ ಹಳಿಯ ಗುಂಟ ಹೊರಕ್ಕೆ ಸರಿದರು. 1991ರಲ್ಲಿ 52 ಲಕ್ಷವಿದ್ದ ಥಾಣೆ ಜಿಲ್ಲೆಯ ಜನಸಂಖ್ಯೆ 2011ರಲ್ಲಿ ಒಂದು ಕೋಟಿ ಹತ್ತು ಲಕ್ಷವಾಗಿ, ದೇಶದಲ್ಲೇ ಅತಿ ಹೆಚ್ಚು ಜನರಿರುವ ಜಿಲ್ಲೆಯೆನಿಸಿತು. (2014ರಲ್ಲಿ ಪಾಲ್ಘರ್ ಅದರಿಂದ ಬೇರ್ಪಟ್ಟಿತು.)

ಖಾಡಿಯ ಆಚೆ ಮತ್ತೊಂದು ನಗರ ಬೆಳೆಯುತ್ತಿತ್ತು. 1970ರಲ್ಲಿ ಸ್ಥಾಪನೆಯಾದ ಸಿಡ್ಕೋ ನವಿಮುಂಬಯಿಯನ್ನು ಯೋಜಿಸಿತು. 1992ರಲ್ಲಿ ವಾಶಿಗೆ ರೈಲು ಬಂತು. ಥಾಣೆ–ಬೇಲಾಪುರ ರಸ್ತೆಯ ಬದಿಯ ರಾಸಾಯನಿಕ ಕಾರ್ಖಾನೆಗಳು ಹಲವು ಮುಚ್ಚಿ, ಆ ಪಟ್ಟಿಯಲ್ಲಿ ಸಾಫ್ಟ್‌ವೇರ್ ಕಚೇರಿಗಳು ತಲೆಯೆತ್ತಿದವು. ರಾತ್ರಿಶಾಲೆಯಲ್ಲಿ ಓದಿದವರ ಮಕ್ಕಳು ಆ ಕಚೇರಿಗಳಲ್ಲಿದ್ದಾರೆ, ಕೆಲವರು ಅಲ್ಲಿಂದ ಅಮೆರಿಕಕ್ಕೂ ಹೋಗಿದ್ದಾರೆ. ಆ ಕಚೇರಿಗಳನ್ನು ಕಟ್ಟಿದವರಲ್ಲಿಯೂ ಕನ್ನಡಿಗರಿದ್ದರು. ಅವರ ವಿಷಯಕ್ಕೆ ಈಗ ಬರಬೇಕು.

ಥಾಣೆ, ಕಲ್ಯಾಣ್, ನವಿಮುಂಬಯಿಗಳಲ್ಲಿ ಬೆಳಗಿನ ಹೊತ್ತು ಕೂಲಿಯಾಳುಗಳು ಸೇರುವ ನಾಕಾಗಳಿವೆ. ಬುಟ್ಟಿ, ಸಲಿಕೆ, ಕರಣೆ ಹಿಡಿದು ನಿಂತ ಗಂಡುಹೆಣ್ಣುಗಳನ್ನು ಗುತ್ತಿಗೆದಾರರು ಬಂದು ಆಯ್ದು ಕರೆದೊಯ್ಯುತ್ತಾರೆ. ಹತ್ತು ಗಂಟೆಯಾದರೂ ಕರೆ ಬಾರದವರು ಅಂದು ಖೋಲಿಗೆ ಮರಳುತ್ತಾರೆ. ಅಲ್ಲಿ ಕಿವಿಗೊಟ್ಟರೆ ಮರಾಠಿ, ಹಿಂದಿಗಳ ನಡುವೆ ಕಲಬುರಗಿ, ವಿಜಯಪುರ, ಯಾದಗಿರಿಯ ಕನ್ನಡ ಕೇಳಿಸುತ್ತದೆ. ಥಾಣೆಯ ಕಲ್ಯಾಣವನ್ನು ಬಸವಣ್ಣನವರ ಕಲ್ಯಾಣವೆಂದು ಭ್ರಮಿಸುವ ವಿದ್ಯಾರ್ಥಿಗಳನ್ನು ನಾನು ಪ್ರತಿ ವರ್ಷ ತಿದ್ದುತ್ತೇನೆ. ಆದರೆ 2019ರಿಂದ ಕಲ್ಯಾಣ ಕರ್ನಾಟಕವೆಂದು ಹೆಸರಾಗಿರುವ ಆ ಸೀಮೆಯ ಜನ ಸೊಲ್ಲಾಪುರ, ಪುಣೆಗಳ ಮೇಲಿನ ರೈಲಿನಲ್ಲಿ ಬಂದಿಳಿಯುವುದು ಈ ಕಲ್ಯಾಣದಲ್ಲಿಯೇ. ಇವರಲ್ಲಿ ಹೆಚ್ಚಿನವರು ಮಳೆಯನ್ನೇ ನಂಬಿದ ಒಣಭೂಮಿಯವರು ಇಲ್ಲವೆ ಭೂಮಿಯೇ ಇಲ್ಲದವರು. 1972ರ ಬರದಂತಹ ಬರಗಳು ಇಂತಹವರನ್ನು ಮತ್ತೆ ಮತ್ತೆ ಊರು ಬಿಡಿಸಿವೆ.

ಇವರಿಗೆ ತಿಂಗಳ ಸಂಬಳವಿಲ್ಲ, ಯೂನಿಯನ್ ಇಲ್ಲ, ಗಿರಣಿಯ ಚಾಳಿಲ್ಲ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಕೇಂದ್ರ ಕಾಯಿದೆಯೊಂದು ಬಂತು. ಅದರ ಪ್ರಯೋಜನಕ್ಕೆ ಹೆಸರು ನೋಂದಾಯಿಸಲು ವರ್ಷದಲ್ಲಿ ತೊಂಬತ್ತು ದಿನ ದುಡಿದುದಕ್ಕೆ ಪ್ರಮಾಣ ಬೇಕಾಗಿತ್ತು. ದಿನಕ್ಕೊಬ್ಬ ಗುತ್ತಿಗೆದಾರನ ಬಳಿ ದುಡಿಯುವವರು ಆ ಪ್ರಮಾಣವನ್ನು ಯಾರಿಂದ ತರಬೇಕಿತ್ತು? ರಾತ್ರಿಶಾಲೆಯೂ ಇವರ ಪಾಲಿಗಿಲ್ಲ. ಕೆಲಸದ ಜಾಗ ಬದಲಾದಂತೆ ಮಕ್ಕಳ ಶಾಲೆ ಬದಲಾಗುತ್ತದೆ, ಇಲ್ಲವೆ ನಿಲ್ಲುತ್ತದೆ.

ನಮ್ಮ ಸಂಘಗಳ ಸಭೆಗಳಲ್ಲಿ ಇವರು ಕನ್ನಡಿಗರಾಗಿ ಕಾಣಿಸಿಕೊಳ್ಳುವುದು ಅಪರೂಪ. ಹಲವರ ಮನೆಮಾತು ಲಂಬಾಣಿಯೆಂಬ ಸಮಾಧಾನವನ್ನು ನಾನು ಕೇಳಿದ್ದೇನೆ. ಕರಾವಳಿಯಿಂದ ಬಂದವರ ಮನೆಮಾತು ತುಳುವೋ ಕೊಂಕಣಿಯೋ ಆಗಿದ್ದರೂ ಅವರನ್ನು ಮುಂಬಯಿ ಕನ್ನಡಿಗರೆಂದು ಗಣಿಸಲು ನಾವು ಹಿಂಜರಿದಿಲ್ಲ. ಇಲ್ಲಿ ಅಡ್ಡವಾಗಿರುವುದು ಭಾಷೆಯಲ್ಲ, ವರ್ಗ. 2020ರ ಮೇ ತಿಂಗಳಲ್ಲಿ ಮಾತ್ರ ಈ ಮರೆ ಸರಿಯಿತು. ಕೊರೋನಾ ಕಾಲದ ಕರ್ನಾಟಕದ ಪತ್ರಿಕೆಗಳು ಮುಂಬಯಿಯಿಂದ ಮರಳಿದವರ ಲೆಕ್ಕವನ್ನು ದಿನವೂ ಅಚ್ಚುಹಾಕಿದವು. ಉಡುಪಿಯ ಜೊತೆಗೆ ಕಲಬುರಗಿ, ಯಾದಗಿರಿ, ಮಂಡ್ಯ ಜಿಲ್ಲೆಗಳ ಹೆಸರುಗಳು ಅಲ್ಲಿದ್ದವು. ನಮ್ಮ ಯಾವ ಸ್ಮರಣಸಂಚಿಕೆಯೂ ಕೊಡದಿದ್ದ ಮುಂಬಯಿ ಕನ್ನಡಿಗರ ಪಟ್ಟಿಯನ್ನು ಒಂದು ಸಾಂಕ್ರಾಮಿಕ ರೋಗ ಕೊಟ್ಟಿತು.

ಸಾಹಿತ್ಯದಲ್ಲಿ ಪರಿಸ್ಥಿತಿ ಹೇಗಿದೆ? ಯಶವಂತ ಚಿತ್ತಾಲರ ‘ಶಿಕಾರಿ’ (1979) ಬೃಹತ್ ಉದ್ಯಮದೊಳಗೆ ಮೇಲೇರಿದ ಹನೇಹಳ್ಳಿಯ ನಾಗಪ್ಪನ ಭಯವನ್ನು ಶೋಧಿಸುತ್ತದೆ. ಬೆಳವಣಿಗೆಯ ಒಳಗೆ ಇದ್ದವನಿಗೂ ನೆಲೆಯಿಲ್ಲವೆಂಬುದನ್ನು ಕನ್ನಡದಲ್ಲಿ ಇಷ್ಟು ಆಳವಾಗಿ ಕಂಡ ಕೃತಿ ನನಗೆ ತಿಳಿದಂತೆ ಬೇರೊಂದಿಲ್ಲ. ವ್ಯಾಸರಾಯ ಬಲ್ಲಾಳರ ‘ಬಂಡಾಯ’, ಕಾರ್ಮಿಕ ಸಂಘರ್ಷವನ್ನು ನೇರವಾಗಿ ಎತ್ತಿಕೊಂಡು 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಜಯಂತ ಕಾಯ್ಕಿಣಿಯವರ ಕತೆಗಳು ಭಾಷೆ, ಪ್ರಾಂತಗಳ ಗಡಿ ದಾಟಿ ನಗರದ ಸಣ್ಣ ಜನರ ಬಳಿ ಹೋಗುತ್ತವೆ. ಈ ಮೂವರೂ ಕರಾವಳಿಯಿಂದ ಬಂದವರು. ನಾಕಾದ ಬದುಕನ್ನು ಒಳಗಿನಿಂದ ಬರೆದ ಕಾದಂಬರಿಯನ್ನು ನಮ್ಮ ತರಗತಿಯಲ್ಲಿ ನಾನು ಪಾಠ ಮಾಡಿಲ್ಲ. ರಾತ್ರಿಶಾಲೆ ಒಂದು ತಲೆಮಾರಿಗೆ ಅನ್ನದ ಜೊತೆಗೆ ಲೇಖಣಿಯನ್ನೂ ಕೊಟ್ಟಿತ್ತು. ಅದು ದೊರೆಯದ ಕಡೆ ಬರಹಗಾರನಿಗಾಗಿ ಹುಡುಕುವುದಕ್ಕೆ ಮೊದಲು ಹಾಡು, ಮಾತು, ನೆನಪುಗಳನ್ನು ಸಂಗ್ರಹಿಸಬೇಕಾಗುತ್ತದೆ. ಕ್ಷೇತ್ರಕಾರ್ಯಕ್ಕೆ ನಮ್ಮ ವಿದ್ಯಾರ್ಥಿಗಳು ದಕ್ಷಿಣ ಕನ್ನಡದವರೆಗೆ ಹೋಗುತ್ತಾರೆ. ಐರೋಲಿಯ ನಾಕಾ ಲೋಕಲ್ ರೈಲಿನ ದೂರದಲ್ಲಿದೆ.

ಕೆಲವು ವರ್ಷಗಳ ಹಿಂದೆ ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿನಿಯೊಬ್ಬಳು ಕಟ್ಟಡದ ಕೆಲಸದ ಹೆಂಗಸರ ಹಾಡುಗಳನ್ನು ಪ್ರಬಂಧದ ವಿಷಯವಾಗಿ ಆರಿಸಿಕೊಂಡು ಬಂದಿದ್ದಳು. ಆಧಾರಗ್ರಂಥಗಳಿಲ್ಲವೆಂಬ ಕಾರಣ ಹೇಳಿ ಅವಳನ್ನು ಮುಂಬಯಿ ಕನ್ನಡ ಸಂಘಗಳ ಇತಿಹಾಸದತ್ತ ತಿರುಗಿಸಿದವನು ನಾನೇ. ಆ ಪ್ರಬಂಧ ಒಳ್ಳೆಯ ಅಂಕಗಳನ್ನು ಪಡೆದು ಗ್ರಂಥಾಲಯದಲ್ಲಿದೆ. ಅವಳ ತಾಯಿ ಘಣಸೋಲಿಯಲ್ಲಿ ಬುಟ್ಟಿ ಹೊರುತ್ತಿದ್ದರೆಂಬುದು ನನಗೆ ತಿಳಿದದ್ದು ಆಮೇಲೆ.